ಪೋಲಾರ್ ಬಾಂಡ್ ಗಟ್ಟಿನಾ, ನಾನ್‌ಪೋಲಾರ್ ಬಾಂಡ್ ಗಟ್ಟಿನಾ?

"ಪೋಲಾರ್ ಅಂದ್ರೆ ವೀಕ್ ಅಲ್ವಾ" ಅಂತ ಕೇಳಿದೀರಲ್ಲ (ಎರಡು ಪರಮಾಣು ಎಲೆಕ್ಟ್ರಾನನ್ನ ಸಮವಾಗಿ ಹಂಚ್ಕೊಂಡ್ರೆ ನಾನ್‌ಪೋಲಾರ್ ಬಾಂಡ್, ಒಂದು ಕಡೆಗೆ ಎಳ್ಕೊಂಡ್ರೆ ಪೋಲಾರ್), ಸೆಕೆಂಡ್ ಪಿಯುಸಿ ಪ್ರಾಕ್ಟಿಕಲ್ ವೈವಾದಲ್ಲಿ ನಾನೂ ಹೀಗೇ ಅಂದು ಸಿಕ್ಕಾಕ್ಕೊಂಡಿದ್ದೆ. ಕ್ಲೋರಿನ್ ಅಣುವಿನ ಬಾಂಡ್ ಗಟ್ಟಿನೋ ಎಚ್‌ಸಿಎಲ್ (ಹೈಡ್ರೋಜನ್ ಕ್ಲೋರೈಡ್) ಬಾಂಡ್ ಗಟ್ಟಿನೋ ಅಂತ ಎಕ್ಸ್‌ಟರ್ನಲ್ ಮೇಡಂ ಕೇಳಿದ್ರು. ನಾನು ಭಾರೀ ಧೈರ್ಯವಾಗಿ, ಕ್ಲೋರಿನ್ದೇ ಮೇಡಂ, ಅಲ್ಲಿ ಎಲೆಕ್ಟ್ರಾನು ಸಮಪಾಲು, ಎಚ್‌ಸಿಎಲ್ ನೀರಿಗೆ ಬಿದ್ರೆ ಸಾಕು ಬಿಟ್ಕೊಳುತ್ತೆ ಅಂದೆ. "ಹಾಗಾದ್ರೆ ಹೈಡ್ರೋಜನ್ನು ಕ್ಲೋರಿನ್ನು ಬೆರೆಸಿ ಬಿಸಿಲಿಗಿಟ್ರೆ ಢಂ ಅಂತ ಎಚ್‌ಸಿಎಲ್ ಆಗೋದು ಯಾಕಪ್ಪಾ?" ಅಂದ್ರು. ನನ್ ಬಾಯಿ ಕಟ್ಟೋಯ್ತು. ಆ ಮಾರ್ಕ್ಸ್ ಹೋಗ್ಲಿ ಬಿಡಿ, ಅವಮಾನಕ್ಕೆ ಆ ಚಾಪ್ಟರನ್ನೇ ಮತ್ತೆ ತೆಗೀಲಿಲ್ಲ, ಸಿಇಟಿಲೂ ಅದೇ ತಲೇಲಿಟ್ಕೊಂಡು ಹೋಗಿ ಕೂತೆ.

ತಪ್ಪಾಗಿದ್ದು ಎಲ್ಲಿ ಅಂದ್ರೆ, ಬಾಂಡ್ ಎನರ್ಜಿ ಅಂತ ಟೇಬಲ್‌ನಲ್ಲಿ ಕೊಡೋದು ಗ್ಯಾಸ್ ಆಗಿರೋ ಅಣುವನ್ನ ಎರಡು ಪರಮಾಣು ಮಾಡೋಕೆ ಬೇಕಾದ ಶಕ್ತಿ. ನೀರಲ್ಲಿ ಆಗೋದು ಅದಲ್ಲ, ಅಲ್ಲಿ ಅಯಾನ್, ಅಂದ್ರೆ ಚಾರ್ಜ್ ಇರೋ ಕಣ, ಆಗುತ್ತೆ. ನೀರೇ ಇಲ್ದೆ ಎಚ್‌ಸಿಎಲ್‌ನ ಅಯಾನ್ ಮಾಡೋಕೆ ಹೋದ್ರೆ ಮೋಲ್‌ಗೆ ಸುಮಾರು 1,400 ಕಿಲೋಜೌಲ್ ಬೇಕು, ಆ ಖರ್ಚನ್ನೆಲ್ಲ ತುಂಬೋದು ಅಯಾನ್‌ಗಳ ಸುತ್ತ ಮುತ್ಕೊಳ್ಳೋ ನೀರಿನ ಅಣುಗಳು. ಹತ್ತನೇ ಕ್ಲಾಸಲ್ಲಿ ಒಣ ಎಚ್‌ಸಿಎಲ್ ಗ್ಯಾಸಿಗೆ ಒಣ ಲಿಟ್ಮಸ್ ಹಿಡಿದ್ರೆ ಬಣ್ಣ ಬದಲಾಗಲ್ಲ ಅಂತ ಓದಿದ್ವಲ್ಲ, ಅದೂ ಇದೇ ಕಥೆ, ನೀರಿಲ್ದೆ ಅದು ಬಿಡಲ್ಲ. ಆಗ ಮಾತ್ರ ನನ್ನ ತಲೇಗೆ ಹೋಗ್ಲಿಲ್ಲ, ನೀರಿನ ಕೆಲಸನ ಬಾಂಡ್ ತಲೆಗೆ ಕಟ್ಟಿಬಿಟ್ಟಿದ್ದೆ. ಮೇಡಂ ಕೇಳಿದ್ದಕ್ಕೆ ಉತ್ತರ ಏನಂದ್ರೆ, ಕ್ಲೋರಿನ್ ಬಾಂಡ್ ಬರೀ 242 ಕಿಲೋಜೌಲ್ (ಇಲ್ಲಿಂದ ಮುಂದಿನ ಬಾಂಡ್ ಅಂಕಿಗಳೆಲ್ಲ ಮೋಲ್‌ಗೆ ಕಿಲೋಜೌಲ್), ಬಿಸಿಲಲ್ಲಿರೋ ನೀಲಿ ಬೆಳಕಿಗೇ ಮುರಿದು ಹೈಡ್ರೋಜನ್ ಜೊತೆ ಸೇರಿ ಎಚ್‌ಸಿಎಲ್ ಆಗುತ್ತೆ, ಎಚ್‌ಸಿಎಲ್ 431, ಅದಕ್ಕೆ ಅಲ್ಟ್ರಾವಯಲೆಟ್ಟೇ ಬೇಕು.

ಹಾಗಂತ ಈಗ "ಪೋಲಾರೇ ಗಟ್ಟಿ" ಅಂತ ಉರು ಹೊಡೀಬೇಡಿ ಮತ್ತೆ. ಹೈಡ್ರೋಜನ್ ಅಣು ಪೂರ್ತಿ ನಾನ್‌ಪೋಲಾರ್, 436 ಇದೆ, ಪೋಲಾರ್ ಆಗಿರೋ ಹೈಡ್ರೋಜನ್ ಅಯೋಡೈಡ್ 298 ಅಷ್ಟೇ. ಅಯೋಡಿನ್ ಪರಮಾಣು ದೊಡ್ಡದು, ಬಾಂಡ್ ಉದ್ದ ಆಗುತ್ತೆ, ಆರ್ಬಿಟಲ್‌ಗಳು (ಎಲೆಕ್ಟ್ರಾನು ಇರೋ ಜಾಗಗಳು) ಸರಿಯಾಗಿ ಒಂದರ ಮೇಲೊಂದು ಕೂರಲ್ಲ. ಟ್ರಿಪಲ್ ಬಾಂಡ್ ಇರೋ ನೈಟ್ರೋಜನ್ನಂತೂ ನಾನ್‌ಪೋಲಾರ್ ಆಗಿದ್ಕೊಂಡೇ 945.

ನಿಮ್ಮ ಪ್ರಶ್ನೆ ಇಟ್ಟಿರೋ ರೀತೀನೇ ತಪ್ಪು ಅಂತ ನಾನ್ ಹೇಳೋದು. ಯಾವ್ದೋ ಒಂದು ಪೋಲಾರು, ಯಾವ್ದೋ ಒಂದು ನಾನ್‌ಪೋಲಾರು ತಂದು ತೂಗಬಾರ್ದು. ಅಮೆರಿಕದ ಕೆಮಿಸ್ಟ್ ಲೈನಸ್ ಪಾಲಿಂಗ್ 1932ರಲ್ಲಿ ಮಾಡಿದ ಹಾಗೆ ನೋಡಿ: ಹೈಡ್ರೋಜನ್ 436, ಫ್ಲೋರಿನ್ 158, ಸರಾಸರಿ 297, ಆದ್ರೆ ಹೈಡ್ರೋಜನ್ ಫ್ಲೋರೈಡ್ ನಿಜವಾಗ್ಲೂ ಇರೋದು 565ರ ಆಸುಪಾಸು. ಆ ಹೆಚ್ಚುವರಿ 268 ಪೋಲಾರಿಟಿ ಕೊಟ್ಟಿದ್ದು, ಎಲೆಕ್ಟ್ರೋನೆಗೆಟಿವಿಟಿ (ಬಾಂಡ್‌ನಲ್ಲಿರೋ ಎಲೆಕ್ಟ್ರಾನನ್ನ ತನ್ನ ಕಡೆ ಎಳ್ಕೊಳ್ಳೋ ಶಕ್ತಿ) ಸ್ಕೇಲನ್ನೇ ಆ ಮನುಷ್ಯ ಇಂಥ ವ್ಯತ್ಯಾಸಗಳಿಂದ ಕಟ್ಟಿದ್ದು. ಎಚ್‌ಸಿಎಲ್‌ಗೆ ಇದೇ ಲೆಕ್ಕ ಹಾಕಿದ್ರೆ ಹೆಚ್ಚುವರಿ 92, ಹೈಡ್ರೋಜನ್ ಅಯೋಡೈಡಿಗೆ ಐದೂ ಇಲ್ಲ. ಈ ಸಾಲಿನಲ್ಲಿ ಉಳಿದಿದ್ದು ಬ್ರೋಮೈಡ್ ಒಂದೇ, ಬ್ರೋಮಿನ್ ಬಾಂಡ್ 193, ಹೈಡ್ರೋಜನ್ ಬ್ರೋಮೈಡ್ 366, ಲೆಕ್ಕ ನೀವೇ ಹಾಕ್ಕೊಳಿ.