ಬಿಸಿಲು ತಡೆಯುವ ಟೊಮೆಟೊ ಬೇಕು, ಎಂ.ಎಸ್ಸಿ. ಪ್ರಯೋಗಕ್ಕೆ ಯಾವ ಟಾನಿಕ್ ಆರಿಸಲಿ?

ಸಮುದ್ರ ಪಾಚಿ ರಸವೋ, ಹ್ಯೂಮಿಕ್ ಆಸಿಡ್ಡೋ, ಸ್ಯಾಲಿಸಿಲಿಕ್ ಆಸಿಡ್ಡೋ, ಇವುಗಳಲ್ಲಿ ಯಾವುದು ಹೊಡೆದರೆ ಕಲಬುರಗಿ ಬೇಸಿಗೆಯಲ್ಲಿ ಟೊಮೆಟೊ ಚೆನ್ನಾಗಿ ಬೆಳೆದು ಬಿಸಿಲನ್ನೂ ತಡೆಯುತ್ತದೆ ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿ, ಇದೇ ಬೆಳೆ ಮೇಲೆ, ಪಾಚಿ ರಸ ಹಿಡಿದುಕೊಂಡು ಕೂತಿದ್ದವನು. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಇದೆಯಲ್ಲ, "ಕಂಟ್ರೋಲ್ ಗಿಡಗಳಿಗೆ ಏನೂ ಕೊಡುವುದಿಲ್ಲ" ಅಂತ (ಕಂಟ್ರೋಲ್ ಅಂದರೆ ಹೋಲಿಸಿ ನೋಡಲು ಟಾನಿಕ್ ಕೊಡದೆ ಇಟ್ಟ ಗಿಡ), ಅದನ್ನು ನೋಡಿಯೇ ಉತ್ತರ ಬರೆಯಲು ಕೂತೆ. ದಯವಿಟ್ಟು ಹಾಗೆ ಮಾಡಬೇಡಿ.

ನನ್ನ ಪ್ರಯೋಗ ಶೇಡ್ ನೆಟ್ ಕೆಳಗೆ, ಗ್ರೋ ಬ್ಯಾಗಿನಲ್ಲಿ ನಡೆದಿತ್ತು. ಕಪ್ಪಾಫೈಕಸ್ ಅನ್ನುವ ಪಾಚಿಯ ರಸ, ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಬೆಳೆಸುತ್ತಾರಲ್ಲ, ಅದು. ಬೇರೆ ಬೇರೆ ಪ್ರಮಾಣದಲ್ಲಿ ಕಲಸಿ ಎಲೆ ಮೇಲೆ ಹೊಡೆದೆ. ಕಂಟ್ರೋಲ್ ಸಾಲಿಗೆ ಏನೂ ಹೊಡೆಯಲಿಲ್ಲ. ಬುಡಕ್ಕೆ ಎಲ್ಲಕ್ಕೂ ಒಂದೇ ಅಳತೆ ನೀರು. ಫಲಿತಾಂಶ ಎಷ್ಟು ಚೆನ್ನಾಗಿ ಬಂತು ಅಂದರೆ ನನ್ನ ಗೈಡ್ ಆಫೀಸಿಗೆ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ಗಿಡ ತೋರಿಸುತ್ತಿದ್ದರು. ರಸ ಹೊಡೆದ ಗಿಡ ಹಸಿರಾಗಿ ನಿಂತಿದ್ದವು, ಕಂಟ್ರೋಲ್ ಗಿಡದ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಸೊರಗಿದ್ದವು.

ಪೇಪರ್ ಬರೆದು ಕಳಿಸಿದೆ. ರಿವ್ಯೂ ಮಾಡಿದವರು ಒಂದೇ ಪ್ರಶ್ನೆ ಕೇಳಿ ವಾಪಸ್ ಕಳಿಸಿದರು: ಕಂಟ್ರೋಲ್ ಗಿಡಗಳಿಗೆ ಬರೀ ನೀರನ್ನಾದರೂ ಸಿಂಪಡಿಸಿದ್ದೀರಾ?

ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು, ಸುಮ್ನೆ ಕೊಕ್ಕೆ ತೆಗೀತಾರೆ ಅಂತ ಬೈದುಕೊಂಡೆ. ಆಮೇಲೆ ಕೂತು ಯೋಚಿಸಿದಾಗ ಒಂದೊಂದಾಗಿ ಹೊಳೆಯಿತು. ಏಪ್ರಿಲ್ ಬಿಸಿಲಲ್ಲಿ ಎಲೆ ಮೇಲೆ ನೀರು ಬಿದ್ದರೆ ಅದು ಆರುವಷ್ಟು ಹೊತ್ತು ಎಲೆ ತಣ್ಣಗಿರುತ್ತದೆ. ಎಲೆಯಿಂದ ಜಾರಿದ ನೀರು ಬ್ಯಾಗಿಗೇ ಇಳಿಯುತ್ತದೆ, ಅಂದರೆ ಹೊಡೆದ ಗಿಡಕ್ಕೆ ಬುಡದ ನೀರೂ ಜಾಸ್ತಿ ಸಿಕ್ಕಿತು. ಎಲೆ ಮೇಲಿನ ಧೂಳು ತೊಳೆದುಹೋಗುತ್ತದೆ. ನಮ್ಮ ಕಡೆ ಬೇಸಿಗೆ ಧೂಳು ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕೆಂಪು ನುಸಿ. ಒಣ ಹವೆ, ಧೂಳು ಎರಡೂ ಇದ್ದರೆ ನುಸಿಗೆ ಹಬ್ಬ. ನೀರು ಜೋರಾಗಿ ಬಿದ್ದರೆ ಅದು ಎಲೆ ಬಿಟ್ಟು ಉದುರುತ್ತದೆ. ನನ್ನ ಕಂಟ್ರೋಲ್ ಗಿಡದ ಕಂಚಿನ ಬಣ್ಣ ಬಿಸಿಲಿನ ಬಣ್ಣ ಅಲ್ಲ, ನುಸಿ ತಿಂದ ಬಣ್ಣ! ಎಲೆ ಮಗುಚಿ ಲೆನ್ಸ್ ಹಿಡಿದಿದ್ದರೆ ಗೊತ್ತಾಗುತ್ತಿತ್ತು, ಹಿಂಬದಿಯಲ್ಲಿ ಸಣ್ಣ ಬಲೆ, ಅದರೊಳಗೆ ಚುಕ್ಕಿ ಚುಕ್ಕಿ ಹಾಗೆ ಓಡಾಡುವ ಹುಳ. ನಾನು ಸ್ಕೇಲ್ ಹಿಡಿದು ಗಿಡದ ಎತ್ತರ ಅಳೆಯುತ್ತಿದ್ದೆ.

ಇನ್ನೂ ಇದೆ. ರಸ ಎಲೆಗೆ ಅಂಟಲಿ ಅಂತ ಸ್ಟಿಕ್ಕರ್ ಬೆರೆಸಿದ್ದೆ. ಅದು ಸೋಪಿನ ಜಾತಿಯದು. ಸೋಪಿನ ನೀರು ಮೆತ್ತನೆ ಮೈಯ ಹುಳಗಳನ್ನು ತಾನೇ ಕೊಲ್ಲುತ್ತದೆ, ಬಿಳಿ ನೊಣದ ಮರಿಗಳನ್ನೂ ಸೇರಿಸಿ. ಜೊತೆಗೆ ಈ ಪಾಚಿ ರಸದಲ್ಲಿ ಪೊಟ್ಯಾಶ್ ಜಾಸ್ತಿ. ಹಾಗಾದರೆ ಗಿಡ ಸುಧಾರಿಸಿದ್ದು ನೀರಿನಿಂದಲೋ, ಸೋಪಿನಿಂದಲೋ, ಪೊಟ್ಯಾಶಿನಿಂದಲೋ, ಪಾಚಿಯಲ್ಲಿರುವ ಹಾರ್ಮೋನಿನಿಂದಲೋ? ನನ್ನ ಪ್ರಯೋಗದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಇರಬೇಕಿದ್ದರೆ ಒಂದು ಸಾಲಿಗೆ ಬರೀ ನೀರು, ಒಂದಕ್ಕೆ ನೀರು ಮತ್ತು ಸ್ಟಿಕ್ಕರ್, ಇನ್ನೊಂದಕ್ಕೆ ರಸದಲ್ಲಿ ಇರುವಷ್ಟೇ ಪೊಟ್ಯಾಶ್ ಕರಗಿಸಿದ ನೀರು ಹೊಡೆಯಬೇಕಿತ್ತು. ಅದೂ ಅದೇ ಹೊತ್ತಿಗೆ, ಅದೇ ಪಂಪಿನಿಂದ, ಅಷ್ಟೇ ಲೀಟರ್. ಮೂರು ಸಾಲು ಜಾಸ್ತಿ ಗಿಡ ಇಟ್ಟಿದ್ದರೆ ಮುಗಿಯುತ್ತಿತ್ತು. ಖರ್ಚೇನೂ ಇರಲಿಲ್ಲ.

ಮುಂದಿನ ಬೇಸಿಗೆ ಪೂರ್ತಿ ಮತ್ತೆ ಮಾಡಿದೆ. ನೀರು ಮತ್ತು ಸ್ಟಿಕ್ಕರ್ ಹೊಡೆದ ಗಿಡಕ್ಕೂ ರಸ ಹೊಡೆದ ಗಿಡಕ್ಕೂ ಇದ್ದ ವ್ಯತ್ಯಾಸ ಅಂಕಿಅಂಶದ ಲೆಕ್ಕದಲ್ಲಿ ನಿಲ್ಲಲಿಲ್ಲ. ಪೇಪರ್ ಹೋಯಿತು, ಫೆಲೋಶಿಪ್ ಅವಧಿ ಮುಗಿಯಿತು, ಜೊತೆಗಿದ್ದವರೆಲ್ಲ ಕೆಲಸಕ್ಕೆ ಸೇರಿದರು. ಪಾಚಿ ರಸ ಪ್ರಯೋಜನ ಇಲ್ಲ ಅಂತ ನಾನು ಹೇಳುತ್ತಿಲ್ಲ, ಬೇರೆ ಕಡೆ ಒಳ್ಳೆ ಪ್ರಯೋಗಗಳಲ್ಲಿ ಇಳುವರಿ ಹೆಚ್ಚಾದದ್ದಿದೆ. ಆದರೆ ಅಂಗಡಿಯಲ್ಲಿ ಟಾನಿಕ್ ಅಂತ ಮಾರುವುದನ್ನೆಲ್ಲ ನಂಬಿ ಪ್ರಯೋಗ ಕಟ್ಟಬೇಡಿ. ಇಂಥವನ್ನು ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದದ್ದೇ 2021ರಲ್ಲಿ. ಅದಕ್ಕೂ ಮುಂಚೆ ಡಬ್ಬಿಯೊಳಗೆ ಏನಿದೆ ಅಂತ ಕೇಳುವವರೇ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ರಶ್ನೆಯೇ ಸರಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. "ಬೆಳವಣಿಗೆಯೂ ಹೆಚ್ಚಬೇಕು, ತಾಳಿಕೆಯೂ ಹೆಚ್ಚಬೇಕು" ಅಂತ ಬರೆದಿದ್ದೀರಿ. ಎರಡೂ ಒಂದೇ ಅಲ್ಲ. ಎಷ್ಟೋ ಸಲ ಒಂದಕ್ಕೊಂದು ಆಗಿಬರುವುದೇ ಇಲ್ಲ. ಯೂರಿಯಾ ಜಾಸ್ತಿ ಹಾಕಿ ದೊಡ್ಡ ಎಲೆ ಬರಿಸಿದ ಗಿಡ ನೀರೂ ಜಾಸ್ತಿ ಕುಡಿಯುತ್ತದೆ, ಒಂದು ನೀರು ತಪ್ಪಿದರೆ ಅದೇ ಮೊದಲು ಬಾಡುತ್ತದೆ. ನಮ್ಮೂರ ಕಣ್ಣಿ ತರಕಾರಿ ಮಾರ್ಕೆಟ್ಟಿನಲ್ಲಿ ಗಿಡದ ಎತ್ತರ ಕೇಳುವವರು ಯಾರೂ ಇಲ್ಲ, ಅಲ್ಲಿ ಕ್ರೇಟ್ ಲೆಕ್ಕ.

ಬಿಸಿಲಿನ ಮೇಲೇ ಮಾಡುತ್ತೇನೆ ಅಂತ ಹಟ ಇದ್ದರೆ ಎಲೆ ಬಿಟ್ಟು ಹೂ ನೋಡಿ. ಟೊಮೆಟೊಗೆ ಹಗಲಿನ ಬಿಸಿಲಿನಷ್ಟೇ ರಾತ್ರಿ ಸೆಕೆಯೂ ಕಷ್ಟ. ರಾತ್ರಿ ಉಷ್ಣಾಂಶ 21–22 ಡಿಗ್ರಿ ದಾಟುತ್ತಾ ಹೋದ ಹಾಗೆ ಕಾಯಿ ಕಚ್ಚುವುದು ಕಡಿಮೆ ಆಗುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಹಗಲು 40 ದಾಟಿರುತ್ತದೆ, ರಾತ್ರಿ ಮನೆ ಮಾಳಿಗೆ ಮೇಲೆ ಮಲಗಿದರೂ ನಿದ್ದೆ ಬರಲ್ಲ. ಅರಳಿದ ಹೂವನ್ನು ಬೆರಳಲ್ಲಿ ಹಿಡಿದು ನೋಡಿ. ಹಳದಿ ಕೇಸರಗಳ ಕೊಳವೆಯೊಳಗೆ ಅಡಗಿರಬೇಕಾದ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಸೆಕೆಗೆ ಉದ್ದವಾಗಿ ಹೊರಗೆ ಚಾಚಿಕೊಂಡಿರುತ್ತದೆ, ಪರಾಗ ಅದರ ತುದಿಗೆ ತಾಗುವುದೇ ಇಲ್ಲ. ಎರಡು ದಿನದಲ್ಲಿ ತೊಟ್ಟಿನ ಗಂಟಿನ ಹತ್ತಿರ ಹಳದಿಯಾಗಿ ಪಟಕ್ಕನೆ ಕಳಚಿ ಬೀಳುತ್ತದೆ. ಪರಾಗ ಕೆಡುವುದು ಹೂ ಅರಳುವ ಒಂದೆರಡು ವಾರ ಮೊದಲೇ, ಮೊಗ್ಗು ಇನ್ನೂ ಕಣ್ಣಿಗೆ ಸರಿಯಾಗಿ ಕಾಣದಿರುವಾಗ. ಹೂ ಉದುರಿದ ಮೇಲೆ ಟಾನಿಕ್ ಹೊಡೆಯುವವರನ್ನು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತದೆ.

ಆದರೆ ನಾನಾಗಿದ್ದರೆ ಬೇಸಿಗೆಯನ್ನೇ ಬಿಟ್ಟುಬಿಡುತ್ತಿದ್ದೆ. ಕಲಬುರಗಿ ಅಂದ ಕೂಡಲೇ ಎಲ್ಲರಿಗೂ ಬಿಸಿಲೇ ನೆನಪಾಗುತ್ತದೆ. ಎರೆ ಭೂಮಿಯಲ್ಲಿ ಟೊಮೆಟೊ ಹಾಕಿದವರನ್ನು ಕೇಳಿ, ಆಗಸ್ಟ್-ಸೆಪ್ಟೆಂಬರಿನಲ್ಲಿ ಮಳೆ ಹಿಡಿದು ಹೊಲದಲ್ಲಿ ನೀರು ನಿಂತು ಹೋದ ಬೆಳೆಯ ಕಥೆ ಹೇಳುತ್ತಾರೆ. ಈ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ನೆನೆದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ನೀರು ಇಳಿಯುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಆಗ ನೋಡಿ, ಟೊಮೆಟೊ ಎಲೆ ತೊಟ್ಟುಗಳು ಕೆಳಕ್ಕೆ ಬಾಗುತ್ತವೆ. ಉಸಿರು ಕಟ್ಟಿದ ಬೇರಲ್ಲಿ ತಯಾರಾದ ಒಂದು ವಸ್ತು ಮೇಲೆ ಹೋಗಿ ಎಲೆಯಲ್ಲಿ ಎಥಿಲೀನ್ ಅನ್ನುವ ಹಾರ್ಮೋನ್ ಅನಿಲ ಆಗುತ್ತದೆ, ಅದರ ಕೆಲಸ ಇದು. ಸೊಂಟದವರೆಗೆ ನೀರಿದ್ದರೂ ಗಿಡ ಬಾಡುತ್ತದೆ, ಯಾಕೆಂದರೆ ಬೇರು ನೀರು ಎಳೆಯುವುದನ್ನೇ ನಿಲ್ಲಿಸಿರುತ್ತದೆ. ನಮ್ಮ ಕಾಕಾ ಇಂಥ ಹೊತ್ತಲ್ಲಿ "ಗಿಡ ನೀರ್ ಬೇಡ್ಲಿಕತ್ತಾವ" ಅಂತ ಮತ್ತೆ ಡ್ರಿಪ್ ಬಿಟ್ಟಿದ್ದರು. ಪಕ್ಕದ ಮಡಿಯ ಬದನೆ ಮಾತ್ರ ಏನೂ ಆಗದ ಹಾಗೆ ನಿಂತಿತ್ತು.

ಬದನೆ ಬೇರು ಅಷ್ಟು ಗಟ್ಟಿ. ತೈವಾನಿನ ವರ್ಲ್ಡ್ ವೆಜಿಟೆಬಲ್ ಸೆಂಟರಿನವರು ಇದನ್ನೇ ಹಿಡಿದು, ಇಜಿ203 ಅನ್ನುವ ಬದನೆ ಬೇರಿನ ಮೇಲೆ ಟೊಮೆಟೊ ಕಸಿ ಮಾಡುವುದನ್ನು ಹೇಳಿಕೊಡುತ್ತಾ ಬಂದಿದ್ದಾರೆ. ನೀರು ನಿಂತರೂ ತಡೆಯುತ್ತದೆ, ದುಂಡಾಣು ಸೊರಗು ರೋಗವನ್ನೂ ತಡೆಯುತ್ತದೆ. ತರಕಾರಿ ಕಸಿ ಹೊಸದೇನಲ್ಲ, ಜಪಾನಿನಲ್ಲಿ 1920ರ ದಶಕದಲ್ಲೇ ಕಲ್ಲಂಗಡಿಯನ್ನು ಕುಂಬಳ-ಸೋರೆ ಜಾತಿಯ ಬೇರಿಗೆ ಕಟ್ಟಿದ್ದರು. ನಿಮ್ಮ ಥೀಸಿಸ್ ಇಲ್ಲೇ ಇದೆ ನೋಡಿ: ಎಣ್ಣೆಗಾಯಿಗೆ ಹಾಕುವ ನಮ್ಮ ಮುಳ್ಳುಗಾಯಿ ಬದನೆಯ ಬೇರು ಎಷ್ಟು ಹೊತ್ತು ನೀರು ತಡೆಯುತ್ತದೆ, ಅದರ ಮೇಲೆ ಟೊಮೆಟೊ ಎಷ್ಟು ಕ್ರೇಟ್ ಕೊಡುತ್ತದೆ? ಮೇಲಿನ ಭಾಗಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಟೊಮೆಟೊ ತಳಿ ಅರ್ಕಾ ರಕ್ಷಕ್ ತಗೊಳ್ಳಿ. ಕಸಿಯಿಂದ ಎಲೆ ಮುರುಟು ನಂಜು ನಿಲ್ಲುವುದಿಲ್ಲ, ಅದು ಬಿಳಿ ನೊಣದಿಂದ ಎಲೆಗೆ ಬರುವುದು, ಆ ತಡೆ ತಳಿಯಲ್ಲೇ ಇರಬೇಕು. ಅರ್ಕಾ ರಕ್ಷಕ್‌ಗೆ ಅದು ಇದೆ.

ಗಂಟು ಹುಳದ ಬಗ್ಗೆಯೂ, ಅಂದರೆ ಬೇರಿಗೆ ಹೊಕ್ಕು ಗಂಟು ಕಟ್ಟಿಸುವ ಮಣ್ಣಿನ ಸಣ್ಣ ಜಂತು, ಕೇಳಿದ್ದಿರಿ. ಬೀದರ್ ಕಡೆ ಕೆಂಪು ಮಣ್ಣಿನವರಿಗೆ ಅದನ್ನು ಹೇಳಬೇಕು. ತಳಿಯಲ್ಲಿ ನಿರೋಧಕ ಜೀನ್ ಇದೆ ಅಂತ ಬೀಜದವರು ಹೇಳುವುದು ಹೆಚ್ಚಾಗಿ ಎಂಐ ಅನ್ನುವ ಜೀನ್. ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಅದು ಕೈಕೊಡುತ್ತದೆ. ನಮ್ಮ ಮಣ್ಣು ವರ್ಷದಲ್ಲಿ ಎಷ್ಟು ತಿಂಗಳು 28ರ ಒಳಗಿರುತ್ತದೆ, ನೀವೇ ಥರ್ಮಾಮೀಟರ್ ಹೂತು ನೋಡಿ.

ಹೊಲದಲ್ಲಿ ಇಡುವಾಗ ಒಂದು ಭಾಗ ಸಮತಟ್ಟು, ಒಂದು ಭಾಗ ಏರು ಮಡಿ ಮಾಡಿ. ಹೈದರಾಬಾದ್ ದಾರಿಯಲ್ಲಿ ಪಟಾನ್‌ಚೆರುವಿನಲ್ಲಿರುವ ಒಣಭೂಮಿ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಎರೆ ಭೂಮಿಗೆಂದೇ ಸುಮಾರು ಒಂದು ಮೀಟರ್ ಅಗಲದ ಮಡಿ, ಅರ್ಧ ಮೀಟರ್ ಕಾಲುವೆ ಇರುವ ಪದ್ಧತಿ ಮಾಡಿದ್ದಾರೆ. ಯಾರಿಗೆ ಗೊತ್ತು, ಕಸಿಯೇ ಬೇಡ, ಬರೀ ಮಡಿ ಸಾಕು ಅಂತಲೂ ಬರಬಹುದು. ಬಂದರೆ ಅದನ್ನೇ ಬರೆಯಿರಿ. ರೈತನಿಗೆ ಅದು ಇನ್ನೂ ಅಗ್ಗ.

ಕಂಟ್ರೋಲ್ ಮಾತ್ರ ಮರೆಯಬೇಡಿ, ಇಲ್ಲೂ ಅದೇ ಗುಂಡಿ ಇದೆ. ಬರೀ ಟೊಮೆಟೊ ಸಸಿ ಇಟ್ಟರೆ ಸಾಲದು. ಟೊಮೆಟೊ ಮೇಲೆ ಅದೇ ಟೊಮೆಟೊ ಕಸಿ ಮಾಡಿದ ಸಸಿಯೂ ಒಂದು ಸಾಲು ಇರಬೇಕು. ಕತ್ತರಿಸಿ ಕೂಡಿಸಿದ್ದರಿಂದ ಆದದ್ದೆಷ್ಟು, ಬದನೆ ಬೇರಿನಿಂದ ಆದದ್ದೆಷ್ಟು ಅಂತ ಆಗ ಬೇರೆ ಮಾಡಬಹುದು.

ಕಸಿ ಕೈಗೆ ಹತ್ತುವವರೆಗೆ ಸಸಿ ಸಾಯುತ್ತವೆ, ಹೆದರಬೇಡಿ. ಬದನೆ ನಿಧಾನ ಮೊಳೆಯುತ್ತದೆ, ಅದನ್ನು ಕೆಲವು ದಿನ ಮುಂಚೆ ಬಿತ್ತಿ. ಎರಡರ ಕಾಂಡವೂ ಒಂದೇ ದಪ್ಪ ಆದಾಗ ಹೊಸ ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ ರಬ್ಬರ್ ಕೊಳವೆಯಲ್ಲಿ ಕೂಡಿಸಿ. ಆಮೇಲಿನ ಒಂದು ವಾರ ಪ್ಲಾಸ್ಟಿಕ್ ಗೂಡಿನೊಳಗೆ, ಶುರುವಿಗೆ ಕತ್ತಲೆಯಲ್ಲಿ, ಒಳಗೆಲ್ಲ ತೇವ ಇರಬೇಕು. ನಮ್ಮ ಒಣ ಹವೆಯಲ್ಲಿ ಜಾಸ್ತಿ ಸಸಿ ಸಾಯುವುದು ಇಲ್ಲೇ. ನಾಟಿ ಮಾಡುವಾಗ ಕೂಡಿಸಿದ ಜಾಗ ಮಣ್ಣಿನ ಮೇಲೇ ಇರಲಿ. ಹೂತರೆ ಟೊಮೆಟೊ ತನ್ನದೇ ಬೇರು ಬಿಟ್ಟು ಮಾಡಿದ ಕೆಲಸ ಎಲ್ಲ ನೀರುಪಾಲು. ಕೆಳಗಿನಿಂದ ಬದನೆ ಚಿಗುರು ಬಂದರೆ ಆಗಾಗ ಚಿವುಟಿ.

ಲ್ಯಾಬಿನಲ್ಲಿ ಯಂತ್ರ ಇಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಇದಕ್ಕೆ ತಕ್ಕಡಿ, ಮಣ್ಣಿಗೆ ಹೂಳುವ ಥರ್ಮಾಮೀಟರ್, ಒಂದು ಲೆನ್ಸ್ ಸಾಕು. ಲೆನ್ಸ್ ಮಾತ್ರ ಈಗಲೇ ತಗೊಂಡು ಶೇಡ್ ನೆಟ್ ಒಳಗಿರುವ ಗಿಡಗಳ ಎಲೆ ಮಗುಚಿ ನೋಡಿ, ನುಸಿ ಆಗಲೇ ಬಂದಿರಬಹುದು.