ಆಪ್ತಸಲಹೆ ಪ್ರಕರಣ: ತಿರುವಿನಲ್ಲಿ ತಪ್ಪುವ ಹೆಜ್ಜೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಚಿಕ್ಕಬಳ್ಳಾಪುರ ತಾಲ್ಲೂಕಿನ ಹುಡುಗಿ, ಒಂಬತ್ತನೇ ತರಗತಿ, ಶಾಲಾ ಬ್ಯಾಂಡಿನಲ್ಲಿ ಸೈಡ್ ಡ್ರಮ್. ಜನವರಿ 26ರ ಜಿಲ್ಲಾ ಪಥಸಂಚಲನಕ್ಕೆ 18 ದಿನ ಇರುವಾಗ ತಾಯಿ ಕರೆತಂದರು. ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡಿಸಿದ ದಿನ ಅವಳ ಹೆಜ್ಜೆ ತಪ್ಪಿ, ಹಿಂದಿನವಳು ಬಂದು ಡಿಕ್ಕಿ ಹೊಡೆದಿದ್ದಳು. ಪಿ.ಟಿ. ಮೇಷ್ಟ್ರು ಎಲ್ಲರೆದುರೇ ಬೈದರು. ಅಂದಿನಿಂದ ಬೆಳಗಾದರೆ ಹೊಟ್ಟೆನೋವು, ತಿಂಡಿ ಬೇಡ. ದೃಷ್ಟಿ ನಿವಾಳಿಸಿದ್ದೂ ಆಗಿತ್ತು. "ಡ್ರಮ್ಮೂ ಬ್ಯಾಡ, ಏನೂ ಬ್ಯಾಡ ಮೇಡಂ, ಮಗು ಊಟ ಮಾಡಿದ್ರೆ ಸಾಕು" ಅಂದರು ತಾಯಿ.

ಭಯ ಯಾಕೆ ಎಂದು ಕೇಳಿದರೆ ಈ ವಯಸ್ಸಿನ ಮಕ್ಕಳು "ಗೊತ್ತಿಲ್ಲ" ಅಂದುಬಿಡುತ್ತಾರೆ. ಹಾಗಾಗಿ ಹಾಳೆ ಕೊಟ್ಟು ಮೈದಾನ ಬರೆಸಿದೆವು. ಎಲ್ಲಿಂದ ಹೊರಟಿರಿ, ಎಲ್ಲಿ ತಿರುಗಿದಿರಿ, ಹೆಜ್ಜೆ ತಪ್ಪಿದ್ದು ಯಾವ ಜಾಗದಲ್ಲಿ? ವಂದನಾ ವೇದಿಕೆಗೆ ಮೊದಲಿನ ತಿರುವಿನಲ್ಲಿ. ಅವಳು ಸಾಲಿನ ಹೊರತುದಿಯವಳು. ತಿರುವಿನಲ್ಲಿ ಒಳತುದಿಯವರು ಹೆಚ್ಚುಕಡಿಮೆ ನಿಂತಲ್ಲೇ ಕಾಲೆತ್ತುತ್ತಾರೆ, ಹೊರತುದಿಯವರು ಉದ್ದುದ್ದ ಹೆಜ್ಜೆ ಹಾಕಬೇಕು. ತೊಡೆಯ ಮೇಲೆ ಡ್ರಮ್ ಇದ್ದರೆ ಅದು ಇನ್ನೂ ಕಷ್ಟ. ಪಟ್ಟಿ ಸಡಿಲವಾಗಿ ಡ್ರಮ್ ಕೆಳಗಿಳಿದಿದ್ದರಿಂದ ಮಂಡಿಯೂ ತಾಗುತ್ತಿತ್ತು.

ಶಾಲೆಯ ಬಯಲಿನಲ್ಲಿ ಒಮ್ಮೆಯೂ ತಪ್ಪದವಳು ಇಲ್ಲೇಕೆ ತಪ್ಪಿದಳು? ತೇಜ್ ಚಲ್‌ನಲ್ಲಿ, ಅಂದರೆ ಪಥಸಂಚಲನದ ಬಿರುಸು ನಡಿಗೆಯಲ್ಲಿ, ನಿಮಿಷಕ್ಕೆ 120 ಹೆಜ್ಜೆ, ಅಂದರೆ ಹೆಜ್ಜೆಗೆ ಅರ್ಧ ಸೆಕೆಂಡು. ದೊಡ್ಡ ಡ್ರಮ್ಮಿನ ಗಟ್ಟಿ ಪೆಟ್ಟು ಬೀಳುವುದು ಎಡಗಾಲು ಊರುವಾಗ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಎದುರಿನ ಗ್ಯಾಲರಿ ಗೋಡೆ 85 ಮೀಟರ್ ದೂರವಿದ್ದರೆ ಆ ಪೆಟ್ಟು ಹೋಗಿ ಮರಳುವಷ್ಟರಲ್ಲಿ ಸರಿಯಾಗಿ ಅರ್ಧ ಸೆಕೆಂಡು ಕಳೆದು, ಬಲಗಾಲಿನ ಹೊತ್ತಿಗೆ ಕಿವಿಗೆ ಬೀಳುತ್ತದೆ. ಕಿವಿ ನಂಬಿದವರ ಕಾಲು ಅದಲುಬದಲು. ಬಯಲಿನಲ್ಲಿ ಗೋಡೆಯಿಲ್ಲ, ಪ್ರತಿಧ್ವನಿಯೂ ಇಲ್ಲ. ಇದನ್ನು ಕೇಳಿದಾಗಲೇ ಹುಡುಗಿ ಮೊದಲ ಸಲ ತಲೆಯೆತ್ತಿದ್ದು. ಮಗುವಿಗೆ ಪುಕ್ಕಲು ಎಂಬ ಹಣೆಪಟ್ಟಿ ಹಚ್ಚುವ ಮೊದಲು ಮೈದಾನವನ್ನೊಮ್ಮೆ ನೋಡುವುದು ಒಳ್ಳೆಯದು.

ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು, ಬೇಕೆಂದೇ ತಪ್ಪುವುದು. ದಿನಕ್ಕೆ ಹತ್ತು ಸಲ ಹೆಜ್ಜೆ ಕೆಡಿಸಿಕೊಂಡು 'ಕದಮ್ ಬದಲ್' (ಕಾಲು ಬದಲಿಸಿ ಮತ್ತೆ ತಾಳಕ್ಕೆ ಸೇರುವುದು) ಮಾಡಬೇಕು: ಎಡಗಾಲು ಮುಂದಿಟ್ಟು, ಬಲಗಾಲನ್ನು ಅದರ ಹಿಮ್ಮಡಿಯ ಬಳಿಗೆ ತಂದು, ಕೂಡಲೇ ಮತ್ತೆ ಎಡಗಾಲು. ಕೈ ತಪ್ಪಿದರೆ ಕೋಲುಗಳನ್ನು ಚರ್ಮಕ್ಕೆ ತಾಗಿಸದೆ ಆಡಿಸುತ್ತಿರಬೇಕು, ಮುಂದಿನ ಎಡಗಾಲಿಗೆ ಸೇರಿಕೊಳ್ಳಬೇಕು. ಕೈ ನಿಂತರೆ ನೋಡುವವರಿಗೆ ಗೊತ್ತಾಗುತ್ತದೆ, ಸದ್ದು ನಿಂತರೆ ಗೊತ್ತಾಗುವುದಿಲ್ಲ. ಮನೆಯೆದುರು ರಂಗೋಲಿ ಪುಡಿಯಲ್ಲಿ 75 ಸೆಂಟಿಮೀಟರಿಗೊಂದರಂತೆ 20 ಗೆರೆ, 15 ಮೀಟರ್, 120ರ ವೇಗದಲ್ಲಿ 10 ಸೆಕೆಂಡು. ಫೋನಿನ ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ಹಿಡಿಯುವ ಆ್ಯಪ್) ನಿಮಿಷಕ್ಕೆ 100ರಿಂದ ಶುರು, ಮೂರು ದಿನಕ್ಕೊಮ್ಮೆ ಏರಿಸಿ 120. ಮೊದಲು ಬರಿಗಾಲು, ಡ್ರಮ್ಮಿನ ಬೋಲು (ಪೆಟ್ಟುಗಳ ಉಚ್ಚಾರ) ಬಾಯಲ್ಲಿ. ಆಮೇಲೆ ಹಳೆಯ ರಬ್ಬರ್ ಚಪ್ಪಲಿಯ ಮೇಲೆ ಕೋಲು. ಕ್ರೀಡಾಂಗಣದಲ್ಲಿ ಮರಳಿ ಬರುವ ಸದ್ದಿಗೆ ಕಿವಿಗೊಡದೆ ಮುಂದಿನವರ ಎಡ ಹಿಮ್ಮಡಿ ನೋಡಬೇಕು.

'ದಾಹಿನೇ ದೇಖ್' (ಬಲಕ್ಕೆ ನೋಡಿ) ಅಂದಾಗ ಡ್ರಮ್ಮಿನವರೂ ಕತ್ತು ತಿರುಗಿಸಬೇಕೇ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಬೈಸಿಕೊಂಡ ಮೇಲೆ ಕೇಳುವ ಧೈರ್ಯವೂ ಇರಲಿಲ್ಲ. ಮೇಷ್ಟ್ರ ಜೊತೆ ಹತ್ತು ನಿಮಿಷ ಮಾತಾಡಿದ್ದರಿಂದ ಅದು ಬಗೆಹರಿಯಿತು. ಪಟ್ಟಿ ಎರಡು ರಂಧ್ರ ಬಿಗಿಯಾಯಿತು, ಅವಳ ಜಾಗ ಸಾಲಿನ ನಡುವಿಗೆ ಬಂತು. ಅವರು ಕೆಟ್ಟವರಲ್ಲ. ಮೂವತ್ತು ಮಕ್ಕಳನ್ನು ಒಬ್ಬರೇ ತಯಾರು ಮಾಡುತ್ತಿದ್ದರು.

ಮೂರನೇ ಭೇಟಿಯಲ್ಲಿ, ತಾಯಿ ಹೊರಗಿದ್ದಾಗ, ಇನ್ನೊಂದು ಮಾತು ಹೊರಬಿತ್ತು. ಮುಟ್ಟಿನ ದಿನ ಅದೇ ವಾರ, ಸಮವಸ್ತ್ರ ಬಿಳಿ ಪ್ಯಾಂಟು. ಹೆಜ್ಜೆಗಿಂತ ಇದೇ ದೊಡ್ಡ ಭಯ. ತಾಲೀಮು ಮಾಡಿಸುವವರು ಗಂಡಸರು, ಹೇಳುವುದು ಯಾರಿಗೆ? ಇದಕ್ಕೆ ಹೇಳಿದ್ದು: ಒಳಗೆ ಮೈಬಣ್ಣದ ಬಿಗಿ ಚಡ್ಡಿ, ಉದ್ದದ ಪ್ಯಾಡು, ಸಾಲು ಕಟ್ಟುವ ಮುಂಚೆ ಬದಲಿಸಲು ಶೌಚಾಲಯ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳುವುದು, ಒಬ್ಬ ಶಿಕ್ಷಕಿಯ ಚೀಲದಲ್ಲಿ ಇನ್ನೊಂದು ಪ್ಯಾಂಟು. ಮುಟ್ಟು ಮುಂದೂಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬೇಡಿ ಎಂದು ತಾಯಿಗೆ ಬೇರೆಯಾಗಿ ಹೇಳಿದೆವು.

ತಾಯಿಗೆ ಇನ್ನೂ ಎರಡು ಮಾತು. "ತಪ್ಪಬ್ಯಾಡ ಕಣಮ್ಮ" ಅನ್ನುವ ಬದಲು "ಇವತ್ತು ಎಷ್ಟು ಸಲ ತಪ್ಪಿ ಸೇರ್ಕೊಂಡೆ?" ಎಂದು ಕೇಳಿ. ಆ ದಿನ ಹೊರಡುವ ಎರಡು ಗಂಟೆ ಮುಂಚೆ ಎರಡು ಇಡ್ಲಿಯಾದರೂ ತಿನ್ನಿಸಿ, ನೀರು ಗುಟುಕು ಗುಟುಕಾಗಿ ಕೊಡಿ. ಸಾವಧಾನ್‌ನಲ್ಲಿ ಮಂಡಿ ಬಿಗಿದು ಬಹಳ ಹೊತ್ತು ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ, ಖಾಲಿ ಹೊಟ್ಟೆಯಾದರೆ ಬೇಗ. ಮಂಡಿ ತುಸು ಸಡಿಲ ಬಿಟ್ಟು ಶೂ ಒಳಗೆ ಬೆರಳಾಡಿಸುತ್ತಿದ್ದರೆ ಸಾಕು, ಹೊರಗೆ ಕಾಣುವುದಿಲ್ಲ. ಜನವರಿಯ ಬೆಳಗಿನ ಚಳಿಗೆ ಬೆರಳು ಮರಗಟ್ಟಿ ಕೋಲು ಜಾರುತ್ತದೆ, ಸಾಲು ಕಟ್ಟುವವರೆಗೆ ಉಣ್ಣೆಯ ಕೈಗವಸು ಇರಲಿ.

ಬಿಡುವುದಾದರೆ 20ನೇ ತಾರೀಖಿನೊಳಗೆ ಬಿಡಬಹುದು, ಯಾರೂ ಏನೂ ಅನ್ನುವುದಿಲ್ಲ ಎಂದು ಅವಳಿಗೆ ಮೊದಲೇ ಹೇಳಿದ್ದೆವು. ಬಿಡಲಿಲ್ಲ. ಹೊಟ್ಟೆನೋವು ಎರಡು ಬೆಳಗ್ಗೆ ಮತ್ತೆ ಬಂತು, ತಿಂಡಿ ತಿಂದೇ ಹೊರಟಳು. ಪಥಸಂಚಲನದ ಮಾರನೆಯ ದಿನ ತಾಯಿ ಫೋನ್ ಮಾಡಿದರು. ಎರಡನೇ ತಿರುವಿನಲ್ಲಿ ಒಮ್ಮೆ ತಪ್ಪಿ ಸೇರಿಕೊಂಡಳಂತೆ. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಹೊಸ ಶೂ ಆ ದಿನವೇ ಮೊದಲು ಹಾಕಿದ್ದು. ಹತ್ತು ದಿನ ಮುಂಚೆಯೇ ಮನೆಯಲ್ಲಿ ಹಾಕಿ ಓಡಾಡಿಸಿ ಎಂದು ಹೇಳುವುದು ನಮ್ಮಿಂದಲೇ ಬಿಟ್ಟುಹೋಗಿತ್ತು.