ಪ್ರತಿಕ್ರಿಯೆ: 2023ರ ಕೋಲ್ಟ್ರೇನ್ ಆಲ್ಬಮ್ ನಕಲಿಯಾ? ಸದ್ದು ಯಾಕೆ ಮಸುಕು?

ಮ್ಯೂಸಿಕ್ ಆ್ಯಪ್‌ನಲ್ಲಿ 2023 ಎಂದು ಕಾಣುವ, ಜಾಝ್ ಸ್ಯಾಕ್ಸೊಫೋನ್ ವಾದಕ ಕೋಲ್ಟ್ರೇನ್ ಅವರ ಆಲ್ಬಮ್ ನಕಲಿಯಾ, ಅದರ ಸದ್ದು ಯಾಕೆ ಮಸುಕು ಅಂತ ಕೇಳಿದ್ದೀರಿ. ನಕಲಿ ಅಲ್ಲ. ಆ್ಯಪ್ ತೋರಿಸುವ 2023 ಬಿಡುಗಡೆಯ ವರ್ಷ, ನುಡಿಸಿದ ವರ್ಷವಲ್ಲ. 1967ರಲ್ಲೇ ತೀರಿಕೊಂಡ ಜಾನ್ ಕೋಲ್ಟ್ರೇನ್ 'ಹೊಸ ಬಿಡುಗಡೆ' ಪಟ್ಟಿಯಲ್ಲಿ ಕಾಣುವುದು ಇದರಿಂದಲೇ. ಜೊತೆಗೆ ನುಡಿಸಿದ ಎರಿಕ್ ಡಾಲ್ಫಿ ಹೆಸರೂ ಇದೆ ಅಂದಿದ್ದೀರಿ, ಹಾಗಾದರೆ ಅದು 'ಈವ್ನಿಂಗ್ಸ್ ಅಟ್ ದ ವಿಲೇಜ್ ಗೇಟ್' ಇರಬೇಕು. 1961ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಕ್ಲಬ್‌ನಲ್ಲಿ ನುಡಿಸಿದ್ದು.

ಸದ್ದು ಮಸುಕಾಗಿದೆ ಅಂತ ಸುಮ್ನೆ ಹೊಸ ಇಯರ್‌ಫೋನ್ ತರಬೇಡಿ. ಕ್ಲಬ್‌ನ ಹೊಸ ಸೌಂಡ್ ಸಿಸ್ಟಮ್ ಪರೀಕ್ಷಿಸಲು ಎಂಜಿನಿಯರ್ ವೇದಿಕೆಯ ಮೇಲೆ ಒಂದೇ ಒಂದು ಮೈಕ್ ಕಟ್ಟಿ ತೆಗೆದ ಟೇಪ್ ಅದು. ಎಷ್ಟೋ ವರ್ಷಗಳ ನಂತರ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಸಿಕ್ಕಿತು. ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಮೈಮೇಲೇ ಬಂದ ಹಾಗಿರುತ್ತದೆ, ಪಿಯಾನೋ ಕಿವಿಗೊಟ್ಟು ಹುಡುಕಬೇಕು. ನನಗಂತೂ ಅದೇ ಇಷ್ಟ.

ಮೊದಲು ಆಲ್ಬಮ್‌ನ ಕ್ರೆಡಿಟ್ಸ್ (ಕಲಾವಿದರು, ರೆಕಾರ್ಡಿಂಗ್ ವಿವರ) ತೆರೆದು ರೆಕಾರ್ಡಿಂಗ್ ದಿನಾಂಕ ನೋಡಿ. ನಿಮ್ಮ ಆ್ಯಪ್ ಯಾವುದೋ ಹೇಳಿಲ್ಲ. ಅದರಲ್ಲಿ ಇಲ್ಲದಿದ್ದರೆ ಆಲ್ಬಮ್ ಹೊರತಂದ ಇಂಪಲ್ಸ್ ಕಂಪನಿಯ ಪುಟ ನೋಡಿ.

ಆಮೇಲೆ ಅದೇ ಇಯರ್‌ಫೋನ್‌ನಲ್ಲಿ ಕೋಲ್ಟ್ರೇನ್ ಅವರದೇ 'ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್' ಹಾಕಿ. 2018ರ ಬಿಡುಗಡೆ, ಆದರೆ 1963ರ ಮಾರ್ಚ್ 6ರಂದು ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಮಾಡಿದ್ದು. ಅದು ಸ್ಪಷ್ಟವಾಗಿ ಕೇಳಿಸಿದರೆ ಇಯರ್‌ಫೋನ್ ಸರಿಯಿದೆ. ಅದೂ ಮಸುಕಾದರೆ ಆ್ಯಪ್‌ನ ಆಡಿಯೋ ಕ್ವಾಲಿಟಿ ಜಾಸ್ತಿ ಮಾಡಿ ನೋಡಿ, ಆಮೇಲೆ ಇಯರ್‌ಫೋನ್ ಮೇಲೆ ಅನುಮಾನ ಪಡಿ.

ಪ್ಲೇಲಿಸ್ಟನ್ನು ನುಡಿಸಿದ ವರ್ಷದಂತೆ ಜೋಡಿಸಿ: ಮೊದಲು ವಿಲೇಜ್ ಗೇಟ್, ನಂತರ 'ಬೋತ್ ಡೈರೆಕ್ಷನ್ಸ್', ಕೊನೆಗೆ 2021ರಲ್ಲಿ ಬಂದ ಸಿಯಾಟಲ್ ಸಂಗೀತ ಕಛೇರಿಯ ಆಲ್ಬಮ್ 'ಎ ಲವ್ ಸುಪ್ರೀಮ್: ಲೈವ್ ಇನ್ ಸಿಯಾಟಲ್'. ಅದು 1965ರದ್ದು.